ತೋರಣಗಲ್ಲಿನಲ್ಲಿ ದುಡಿಮೆ, ಬಳ್ಳಾರಿಯಲ್ಲಿ ಮಗು: ಮೊದಲ ಮನೆ ಎಲ್ಲಿ ಕೊಳ್ಳಬೇಕು?

ಪ್ರಶ್ನೆ: ನಾನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತೇನೆ. ಹೆಂಡತಿ ಬಳ್ಳಾರಿಯ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರ ಕೈಗೆ ಸೇರುವುದು ತಿಂಗಳಿಗೆ 52 ಸಾವಿರ, ಉಳಿತಾಯ 6 ಲಕ್ಷ. ಮೂರು ವರ್ಷದ ಮಗುವನ್ನು ಗಾಂಧಿನಗರದಲ್ಲಿರುವ ಅತ್ತೆ ನೋಡಿಕೊಳ್ಳುತ್ತಾರೆ. ಈಗ 8 ಸಾವಿರ ಬಾಡಿಗೆ. 28 ಲಕ್ಷದವರೆಗೆ ಹೋಗೋಣ ಅಂತಿದ್ದೇವೆ. ಮೂರು ಕಡೆ ನೋಡಿದ್ದೇವೆ: ಕುಡತಿನಿಯಲ್ಲಿ 30×40 ಸೈಟಿನಲ್ಲಿ ನಾಲ್ಕು ವರ್ಷದ ಮನೆ, 21 ಲಕ್ಷ, ಬಳ್ಳಾರಿಯ ಹೊಸಪೇಟೆ ರಸ್ತೆಯಲ್ಲಿ ಅಲ್ಲೀಪುರದ ಕಡೆ ಹೊಸ ಲೇಔಟಿನ ಮನೆ, 26 ಲಕ್ಷ, ತೋರಣಗಲ್ಲಿನ ಹತ್ತಿರ ಖಾಲಿ ಸೈಟು, ಏಳೂವರೆ ಲಕ್ಷ, ಆಮೇಲೆ ಕಟ್ಟಿಕೊಳ್ಳಬಹುದು ಅಂತಾರೆ. ಯಾವುದು ಸರಿ?

ಉತ್ತರ: ಮೊದಲು ಬಜೆಟ್ಟು ಸರಿಮಾಡಿಕೊಳ್ಳೋಣ. ನಿಮ್ಮದು 28 ಲಕ್ಷದ ಬಜೆಟ್ಟಲ್ಲ, 23ರಿಂದ 24 ಲಕ್ಷದ್ದು. ಹೇಗೆ ಅಂದರೆ, ಸಾಲ 30 ಲಕ್ಷದೊಳಗಿದ್ದರೆ ಮನೆ ಬೆಲೆಯ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ. ಆದರೆ ಬ್ಯಾಂಕಿನ ಮೌಲ್ಯಮಾಪಕರು ಹಾಕುವ ಬೆಲೆ ಮಾರುವವರು ಹೇಳುವ ಬೆಲೆಗಿಂತ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಹಾಗಾಗಿ ಕೈಗೆ ಬರುವುದು ಶೇ 85 ಎಂದೇ ಹಿಡಿಯಿರಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ವ್ಯಾಪ್ತಿಯಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6. ಈ ಹಣಕ್ಕೆ ಸಾಲ ಸಿಗುವುದಿಲ್ಲ, ನಿಮ್ಮ ಆರು ಲಕ್ಷದಲ್ಲೇ ಹೋಗಬೇಕು. ಹೆಂಡತಿ ಹೆಸರಿಗೆ ಮಾಡಿಸಿದರೆ ಮುದ್ರಾಂಕ ಕಡಿಮೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ, ಆ ರಿಯಾಯಿತಿ ಕರ್ನಾಟಕದಲ್ಲಿಲ್ಲ.

28 ಲಕ್ಷದ ಮನೆಗೆ ನೀವು ಹಾಕಬೇಕಾದದ್ದು ಮಾರ್ಜಿನ್ (ಬ್ಯಾಂಕು ಕೊಡದೆ ಬಿಡುವ ಶೇ 15ರ ಪಾಲು) 4.20 ಲಕ್ಷ, ನೋಂದಣಿಗೆ 2.13 ಲಕ್ಷ, ವಕೀಲರು ಮತ್ತು ಬ್ಯಾಂಕಿನ ಖರ್ಚು ಒಂದು 25 ಸಾವಿರ. ಆರೂವರೆ ಲಕ್ಷ ದಾಟಿತು, ಕೈಯಲ್ಲಿರುವುದು ಆರು. ಶೇ 8.5 ಬಡ್ಡಿ, 20 ವರ್ಷ ಎಂದರೆ ಲಕ್ಷಕ್ಕೆ 868 ರೂಪಾಯಿ ಕಂತು, 23.80 ಲಕ್ಷ ಸಾಲಕ್ಕೆ 20,660 ರೂ., ಅಂದರೆ ಸಂಬಳದ ಶೇ 40. ಅದೇ 23 ಲಕ್ಷದ ಮನೆಯಾದರೆ ಕೈಯಿಂದ 5.45 ಲಕ್ಷ, ಕಂತು 17 ಸಾವಿರದ ಆಸುಪಾಸು, ಸಂಬಳದ ಮೂರನೇ ಒಂದು ಪಾಲು. ಉಳಿದ ಐವತ್ತು ಸಾವಿರ ಸಂಪಿಗೂ ಗ್ರಿಲ್ಲಿಗೂ ಬೇಕೇ ಬೇಕು.

ಇನ್ನು ಊರಿನ ಮಾತು. ಅಗ್ಗದ ಜಾಗ ಸುಮ್ಮನೆ ಅಗ್ಗವಾಗಿರುವುದಿಲ್ಲ. ಅದರ ಹಿಂದೊಂದು ಕೊರತೆ ಇದ್ದೇ ಇರುತ್ತದೆ. ಆ ಕೊರತೆ ದುಡ್ಡು ಹಾಕಿ ಸರಿಮಾಡಬಹುದಾದದ್ದೋ, ಎಷ್ಟು ದುಡ್ಡು ಹಾಕಿದರೂ ಸರಿಯಾಗದ್ದೋ ಎನ್ನುವುದನ್ನು ಹುಡುಕುವುದೇ ನಿಮ್ಮ ಕೆಲಸ. ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ ಅಂದರೆ ದೊಡ್ಡ ಸಂಪು ಕಟ್ಟಿದರಾಯಿತು. ಜಮೀನಿನ ಮೂಲವೇ ಕೆಟ್ಟಿದ್ದರೆ ಯಾವ ಮೇಸ್ತ್ರಿಯೂ ಅದನ್ನು ಕಟ್ಟಿಕೊಡಲಾರ.

ಆ ಕಾರಣಕ್ಕೆ ತೋರಣಗಲ್ಲಿನ ಖಾಲಿ ಸೈಟನ್ನು ಈಗಲೇ ಪಟ್ಟಿಯಿಂದ ತೆಗೆಯಿರಿ. ಸೈಟಿನ ಸಾಲದ ಕಂತು ಮತ್ತು ಬಳ್ಳಾರಿಯ ಬಾಡಿಗೆ ಎರಡೂ ಒಟ್ಟಿಗೆ ಓಡುತ್ತವೆ, ಮನೆ ಕಟ್ಟಲು ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡದು ಕಾಗದ. ಕಾರ್ಖಾನೆಯ ಸುತ್ತ ಮಾರಾಟಕ್ಕೆ ಬರುವ ಇಂಥ ಸೈಟುಗಳಲ್ಲಿ ಕೃಷಿ ಜಮೀನನ್ನೇ ಸೆಂಟ್ಸ್ ಲೆಕ್ಕದಲ್ಲಿ ತುಂಡು ಮಾಡಿದವು ಸಿಗುತ್ತವೆ. (ಒಂದು ಸೆಂಟ್ 435.6 ಚದರಡಿ, 30×40 ಅಂದರೆ ಎರಡೂ ಮುಕ್ಕಾಲು ಸೆಂಟ್. ಮೂರು ಸೆಂಟ್ ಎಂದು ಹೇಳಿ 1200 ಚದರಡಿ ಅಳೆದು ಕೊಡುವುದುಂಟು, ಟೇಪು ಹಿಡಿದೇ ನೋಡಿ.) 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗಿರಬೇಕು, ಆಮೇಲೆ ಲೇಔಟ್ ನಕ್ಷೆಗೆ ಅನುಮೋದನೆ ಸಿಕ್ಕಿರಬೇಕು. ಇವೆರಡೂ ಇಲ್ಲದೆ ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟ ಸೈಟಿಗೆ ಮುಖ್ಯ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ನಾಳೆ ನೀವು ಮಾರಲು ಹೋದರೆ ಕೊಳ್ಳುವವರಿಗೂ ಸಾಲ ಸಿಗುವುದಿಲ್ಲ.

ಈಗ ಉಳಿದದ್ದು ಕುಡತಿನಿ ಮತ್ತು ಅಲ್ಲೀಪುರದ ಕಡೆ. ಹಣದ ಲೆಕ್ಕದಲ್ಲಿ ಕುಡತಿನಿ ಗೆಲ್ಲುತ್ತದೆ. ಅದನ್ನು ಮುಚ್ಚಿಡುವುದು ಬೇಡ. 21 ಲಕ್ಷದ ಮನೆಗೆ ಕಂತು ಸುಮಾರು 15,500, 26 ಲಕ್ಷದ್ದಕ್ಕೆ 19,200. ವ್ಯತ್ಯಾಸ 3,700. ಓಡಾಟ ನೋಡಿ: ಬಳ್ಳಾರಿಯ ಪಶ್ಚಿಮ ಅಂಚಿನಿಂದ ತೋರಣಗಲ್ಲು ಸುಮಾರು 28 ಕಿ.ಮೀ., ಕುಡತಿನಿಯಿಂದ ಸುಮಾರು 12. ತಿಂಗಳಿಗೆ 26 ದಿನ, ಬೈಕು ಲೀಟರಿಗೆ 50 ಕಿ.ಮೀ., ಪೆಟ್ರೋಲು 104 ರೂ., ಟೈರು-ಆಯಿಲ್-ಸರ್ವಿಸಿಗೆ ಕಿ.ಮೀ.ಗೆ 70 ಪೈಸೆ ಎಂದು ಹಿಡಿದರೆ ಬಳ್ಳಾರಿಯಿಂದ 4,000 ರೂ., ಕುಡತಿನಿಯಿಂದ 1,700 ರೂ. ಅಲ್ಲಿ 2,300 ಉಳಿಯಿತು. ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಪುಕ್ಕಟೆ. ಒಟ್ಟು ಕುಡತಿನಿ ತಿಂಗಳಿಗೆ ಆರು ಸಾವಿರ ಅಗ್ಗ. (ಬೇರೆ ಊರು ನೋಡುವಾಗಲೂ ಈ ಅಳತೆ ಇಟ್ಟುಕೊಳ್ಳಿ: ತಿಂಗಳಿಗೆ ಸಾವಿರ ರೂಪಾಯಿಯ ಓಡಾಟ ಎಂದರೆ 1.15 ಲಕ್ಷದ ಸಾಲಕ್ಕೆ ಸಮ.)

ಈ ಲೆಕ್ಕ ಬದಲಿಸುವ ಒಂದು ಸಂಗತಿ ಇದೆ: ಕಂಪನಿ ಬಸ್ಸು. ಬಸ್ಸು ನಿಮ್ಮಂಥ ನೌಕರರಿಗೆ ಇದೆಯೋ, ಕಾಯಂ ನೌಕರರಿಗಷ್ಟೇ ಇದೆಯೋ, ಮೂರೂ ಪಾಳಿಗೂ ಓಡುತ್ತದೋ, ಬಳ್ಳಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ, ನೀವು ನೋಡಿದ ಮನೆಯಿಂದ ಆ ನಿಲುಗಡೆಗೆ ಬೆಳಗಿನ ಐದಕ್ಕೆ ಹೋಗುವುದು ಹೇಗೆ ಎಂದು ಸಾರಿಗೆ ವಿಭಾಗದಲ್ಲೇ ಕೇಳಿ. ಬಸ್ಸು ಸಿಗುವುದಾದರೆ ಆ 2,300ರ ಉಳಿತಾಯ ಇಲ್ಲವಾಗುತ್ತದೆ. ರೈಲ್ವೆ ಹಳಿ ಕುಡತಿನಿ, ದರೋಜಿ, ತೋರಣಗಲ್ಲಿನ ಮೇಲೇ ಹೋಗುತ್ತದೆ ನಿಜ, ಆದರೆ ಪ್ಯಾಸೆಂಜರ್ ರೈಲಿನ ವೇಳೆಯನ್ನು ನಿಮ್ಮ ಪಾಳಿಯ ಪಕ್ಕ ಇಟ್ಟು ನೋಡದೆ ರೈಲು ನೆಚ್ಚಿ ಮನೆ ಕೊಳ್ಳಬೇಡಿ.

ಹಣದಲ್ಲಿ ಹಿಂದಿದ್ದರೂ ನನ್ನ ಒಲವು ಬಳ್ಳಾರಿಯ ಅಂಚಿಗೇ. ಕಾರಣ ಪಾಳಿ ಪಟ್ಟಿ. ಈ ರಾತ್ರಿ ಇಬ್ಬರೂ ಕೂತು ಕಳೆದ ಎರಡು ತಿಂಗಳ ಡ್ಯೂಟಿ ಚಾರ್ಟುಗಳನ್ನು ಪಕ್ಕಪಕ್ಕ ಇಡಿ. ನಿಮಗೆ ಬಿ ಪಾಳಿ, ಅಂದರೆ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು ಇದ್ದು, ಅದೇ ದಿನ ಅವರಿಗೆ ಸಂಜೆ ಡ್ಯೂಟಿ ಇದ್ದ ದಿನಗಳಿಗೆಲ್ಲ ಕೆಂಪು ಗುರುತು ಹಾಕಿ. ಕುಡತಿನಿಯಲ್ಲಿ ಮನೆ ಮಾಡಿದರೆ ಆ ಒಂದೊಂದು ಗುರುತೂ ಒಂದೊಂದು ರಾತ್ರಿ: ಅವರು ಆಸ್ಪತ್ರೆಯಿಂದ ಹೊರಟು, ಗಾಂಧಿನಗರದಲ್ಲಿ ನಿದ್ದೆಹೋದ ಮಗುವನ್ನು ಎತ್ತಿಕೊಂಡು, ಬಸ್ಸು ಹಿಡಿದು ಹದಿನೆಂಟು ಇಪ್ಪತ್ತು ಕಿ.ಮೀ. ಬಂದು, ನಿಲ್ದಾಣದಿಂದ ಕತ್ತಲಲ್ಲಿ ಮನೆಗೆ ನಡೆಯಬೇಕು. ಇಂಥವು ತಿಂಗಳಿಗೆ ಒಂದೆರಡಾದರೆ ಅತ್ತೆ ಮನೆಯಲ್ಲೇ ಉಳಿದರಾಯಿತು. ನಾಲ್ಕೈದು ದಾಟಿದರೆ ವರ್ಷ ತುಂಬುವುದರೊಳಗೆ ಮತ್ತೆ ಬಳ್ಳಾರಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತೀರಿ, ಕುಡತಿನಿ ಮನೆಯ ಕಂತನ್ನೂ ಕಟ್ಟುತ್ತೀರಿ. ಗುರುತುಗಳು ಕಡಿಮೆ ಬಂದರೆ, ಅಥವಾ ಅವರಿಗೆ ಕಾಯಂ ಹಗಲು ಡ್ಯೂಟಿ ಸಿಕ್ಕರೆ, ಕುಡತಿನಿಯನ್ನು ಧೈರ್ಯವಾಗಿ ಪರಿಗಣಿಸಿ. ಅದು ಪಟ್ಟಣ ಪಂಚಾಯಿತಿ ಇರುವ ಊರು, ಅಲ್ಲಿನ ಎಲ್ಲ ಮನೆಯೂ ಕೆಟ್ಟದ್ದೇನಲ್ಲ.

ನಿಮ್ಮ ಓಡಾಟಕ್ಕೂ ಒಂದು ಎಚ್ಚರಿಕೆ ಇದೆ. ಬಳ್ಳಾರಿ ತೋರಣಗಲ್ಲಿಗೆ ಪೂರ್ವದಲ್ಲಿದೆ. ಬೆಳಗಿನ ಎ ಪಾಳಿಗೆ, ಹಗಲಿನ ಜನರಲ್ ಶಿಫ್ಟಿಗೆ ಹೋಗಿಬರುವಾಗ ಸೂರ್ಯ ಬೆನ್ನಿಗಿರುತ್ತಾನೆ. ರಾತ್ರಿಯ ಸಿ ಪಾಳಿ ಮುಗಿಸಿ ಬೆಳಗಿನ ಆರಕ್ಕೆ ಹೊರಟಾಗ ಮಾತ್ರ ಅವನು ನೇರ ಕಣ್ಣಿಗೆ ಹೊಡೆಯುತ್ತಾನೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು, ಹೆದ್ದಾರಿ 67ರ ಮೇಲೆ ಅದಿರಿನ ಲಾರಿ. ಸಂಚಕಾರ ಕೊಡುವ ಮೊದಲು ಒಂದು ಸಲ ಸಿ ಪಾಳಿ ಮುಗಿಸಿ ಆ ಮನೆಯವರೆಗೆ ಬಂದು ನೋಡಿ, ಇನ್ನೊಂದು ಸಲ ಬೆಳಗಿನ ಐದಕ್ಕೆ ಅಲ್ಲಿಂದ ಹೊರಟು ನೋಡಿ. ಭಾನುವಾರ ಮಧ್ಯಾಹ್ನ ಏಜೆಂಟರ ಕಾರಿನಲ್ಲಿ ನೋಡಿದ ದೂರ ದೂರವಲ್ಲ. ಮನೆ ಬಳ್ಳಾರಿಯ ಪಶ್ಚಿಮ ಅಂಚಿನಲ್ಲೇ ಇರಲಿ ಎನ್ನುವುದೂ ಇದಕ್ಕೇ. ಮೋಕಾ ರಸ್ತೆ, ಸಿರುಗುಪ್ಪ ರಸ್ತೆಯ ಕಡೆ ಅಗ್ಗ ಸಿಕ್ಕರೂ ನೀವು ದಿನಾ ಊರನ್ನು ಅಡ್ಡ ಹಾಯಬೇಕು, ರೈಲ್ವೆ ಹಳಿ ದಾಟಬೇಕು. ಆ ಇಪ್ಪತ್ತು ನಿಮಿಷ ನಕ್ಷೆಯಲ್ಲಿ ಕಾಣುವುದಿಲ್ಲ.

ಆದರೂ ಆ 26 ಲಕ್ಷದ ಮನೆಯನ್ನೇ ಹಿಡಿಯಿರಿ ಅಂತ ಹೇಳಲಾರೆ, ಅದು ನಿಮ್ಮ ಶಕ್ತಿಗೆ ಮೀರಿದ್ದು. ಅದೇ ಭಾಗದಲ್ಲಿ 20×40 ಸೈಟಿನ ಮನೆ ಹುಡುಕಿ. ಇಲ್ಲವೇ ಮಹಾನಗರ ಪಾಲಿಕೆ ವ್ಯಾಪ್ತಿಯ ಹಳೆ ಬಡಾವಣೆಯಲ್ಲಿ ಹತ್ತು ಹದಿನೈದು ವರ್ಷದ ಮನೆ ನೋಡಿ. ಹಳೆ ಬಡಾವಣೆಯಲ್ಲಿ ನಲ್ಲಿ, ಒಳಚರಂಡಿ, ಬೀದಿದೀಪ ಬಂದಿರುತ್ತವೆ. ಹೊಸ ಲೇಔಟಿನಲ್ಲಿ ಅವು ಬರುತ್ತವೆ ಎಂಬ ಮಾತಿಗೇ ನೀವು ದುಡ್ಡು ಕೊಡುತ್ತಿರುತ್ತೀರಿ. 400 ಚದರಡಿ ಕಡಿಮೆಯಾದರೆ ಗಾಡಿ ನಿಲ್ಲಿಸಲು ಸ್ವಲ್ಪ ಇಕ್ಕಟ್ಟು, ಅಷ್ಟೇ. ದೂರ ಮಾತ್ರ ದಿನಾ ಕಾಡುತ್ತದೆ.

ಕಾಗದ ನೋಡುವ ಬಗೆ ಎರಡೂ ಕಡೆ ಸ್ವಲ್ಪ ಬೇರೆ. ಬಳ್ಳಾರಿ ಕಡೆಯ ಲೇಔಟಾದರೆ ಬುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ನಕ್ಷೆ ಕೇಳಿ. ನಕ್ಷೆಯಲ್ಲಿ ನಿಮ್ಮ ಸೈಟಿನ ನಂಬರು ಎಲ್ಲಿದೆ, ಅದರ ಪಕ್ಕದ ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗ ಎಲ್ಲಿದೆ ಎಂದು ನಿಂತಲ್ಲೇ ಹೋಲಿಸಿ ನೋಡಿ. ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿ ಸೈಟು ಎಬ್ಬಿಸಿ ಮಾರಿದ್ದರೆ ಅದು ಇಲ್ಲೇ ಸಿಕ್ಕಿಬೀಳುತ್ತದೆ. ರಸ್ತೆ, ಚರಂಡಿ, ನೀರಿನ ಕೆಲಸ ಮುಗಿದ ಮೇಲೆ ಪ್ರಾಧಿಕಾರ ಕೊಡುವ ಸೈಟು ಬಿಡುಗಡೆ ಆದೇಶದಲ್ಲಿ ನಿಮ್ಮ ನಂಬರು ಇರಬೇಕು. 500 ಚದರ ಮೀಟರಿಗಿಂತ ದೊಡ್ಡ ಹೊಸ ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ರೇರಾ ಜಾಲತಾಣದಲ್ಲಿ ಹೆಸರು ಹಾಕಿ ನೋಡುವುದು ಐದು ನಿಮಿಷದ ಕೆಲಸ. ಖಾತೆ ಎ ಖಾತಾವೋ (ಕ್ರಮಬದ್ಧ ಆಸ್ತಿಯದು) ಬಿ ಖಾತಾವೋ (ಕ್ರಮಬದ್ಧವಲ್ಲದ್ದು) ಎಂದು ಇ-ಖಾತಾ ಪ್ರತಿಯಲ್ಲೇ ಓದಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿನ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9ರ ಜೊತೆ ಇರುವುದು 11ಎ ಆಗಿರಬೇಕು. 11ಬಿ ಕಂಡರೆ ಅಲ್ಲೇ ನಿಲ್ಲಿ, ಅದು ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವುದು. "ಎಲ್ಲರದೂ ಹಾಗೇ ಇದೆ" ಎನ್ನುವ ಮಾತು ಬ್ಯಾಂಕಿನ ಕೌಂಟರಿನಲ್ಲಿ ನಡೆಯುವುದಿಲ್ಲ.

ಕುಡತಿನಿ ಭಾಗದಲ್ಲಿ ಇನ್ನೊಂದು ಪರೀಕ್ಷೆ ಕಡ್ಡಾಯ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಕುಡತಿನಿ, ವೇಣಿವೀರಾಪುರ, ಹರಗಿನಡೋಣಿ, ಜಾನೆಕುಂಟೆ ಸುತ್ತ ಸಾವಿರಾರು ಎಕರೆ ಸ್ವಾಧೀನವಾಯಿತು. ಕಾರ್ಖಾನೆ ಬರಲಿಲ್ಲ, ರೈತರ ಹೋರಾಟ ವರ್ಷಗಟ್ಟಲೆ ನಡೆಯಿತು. ನೋಡಲು ಖಾಲಿ ಬಯಲು, ಕಾಗದದಲ್ಲಿ ಕೆಐಎಡಿಬಿಯ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಜಮೀನು. ನೀವು ಕೊಳ್ಳುವ ಮನೆಯ ಮೂಲ ಸರ್ವೆ ನಂಬರು ತೆಗೆದುಕೊಂಡು ಪಹಣಿಯ 11ನೇ ಕಾಲಂ ಓದಿ. ಹಕ್ಕುಗಳು, ಋಣಗಳು ಬರುವುದು ಅಲ್ಲಿ. ಆ ಮಂಡಳಿಯ 1966ರ ಕಾಯ್ದೆಯ 28(1) ಅಥವಾ 28(4) ಸ್ವಾಧೀನ ಅಧಿಸೂಚನೆಯ ಉಲ್ಲೇಖ ಇದ್ದರೆ ಆ ಮನೆ ಎಷ್ಟೇ ಚೆಂದ ಇರಲಿ, ಬಿಟ್ಟುಬಿಡಿ.

ಅಷ್ಟೇ ಮುಖ್ಯವಾದದ್ದು ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಕಾಯ್ದೆ ಆ ಕ್ರಯವನ್ನೇ ಅಸಿಂಧು ಎನ್ನುತ್ತದೆ. ನಡುವೆ ನಾಲ್ಕು ಕೈ ಬದಲಾಗಿದ್ದರೂ ಜಮೀನು ಮೂಲ ಕುಟುಂಬಕ್ಕೆ ಮರಳಬೇಕಾಗುತ್ತದೆ. ಬಹಳ ವರ್ಷವಾಯಿತು, ಇನ್ನು ಯಾರು ಕೇಳುತ್ತಾರೆ ಎನ್ನುವ ಧೈರ್ಯವನ್ನೂ ನೆಚ್ಚಬೇಡಿ. 2023ರ ತಿದ್ದುಪಡಿಯಲ್ಲಿ ಕಾಲಮಿತಿಯನ್ನು ತೆಗೆದಿದ್ದಾರೆ. ಅದು ಬಡ ಕುಟುಂಬಗಳ ಭೂಮಿ ಕಾಯಲು ಮಾಡಿದ ಕಾನೂನು, ಅದನ್ನು ದಾಟುವ ದಾರಿ ಹುಡುಕಬೇಡಿ. ಹಳೆಯ ಮ್ಯುಟೇಷನ್ನುಗಳನ್ನು (ಹಕ್ಕು ಬದಲಾವಣೆಯ ದಾಖಲೆ) ಹಿಂದಕ್ಕೆ ಓದುತ್ತಾ ಹೋಗಿ, "ಮಂಜೂರು" ಅಥವಾ "ದರಖಾಸ್ತು" ಎಂಬ ಪದ ಸಿಕ್ಕರೆ ಮಂಜೂರಾತಿ ಆದೇಶ ನೋಡದೆ ಮುಂದುವರಿಯಬೇಡಿ. ಋಣಭಾರ ಪ್ರಮಾಣಪತ್ರ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟೇ ಪಡೆಯಬೇಕು.

ಕಾಗದ ಸರಿ ಇದೆ ಅಂದಮೇಲೆ ಮನೆಯ ಮುಂದೆ ನಿಲ್ಲಿ. ಮೊದಲು ಮಾಳಿಗೆ ಹತ್ತಿ. ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಬೆರಳು ಎಳೆದು ನೋಡಿ. ಕೆಂಪಾಗಿ ಅಂಟಿದರೆ ಅದಿರಿನ ಧೂಳು, ಬೂದು ಬಣ್ಣದ ನಯವಾದ ಹಿಟ್ಟಿನಂತಿದ್ದರೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಇರಬಹುದು. ಮುಚ್ಚಳ ತೊಳೆದಿಟ್ಟಿದ್ದಾರೆ ಅನ್ನಿಸಿದರೆ ಪಕ್ಕದ ಮನೆಯ ತುಳಸಿ ಎಲೆ ನೋಡಿ, ಕಿಟಕಿ ಜಾಲರಿ ನೋಡಿ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಧೂಳಿನ ಮೂಲ ಮನೆಯ ಯಾವ ಕಡೆ ಇದೆ ಎಂದು ತಿಳಿದರೆ ಯಾವ ತಿಂಗಳು ಕಿಟಕಿ ಮುಚ್ಚಿಡಬೇಕಾದೀತು ಎಂದು ಗೊತ್ತಾಗುತ್ತದೆ. ಸಣ್ಣ ಮಗು ಇರುವ ಮನೆಗೆ ಇದು ಸಣ್ಣ ವಿಷಯವಲ್ಲ. ಗಾಳಿಯ ದಿಕ್ಕನ್ನು ದುಡ್ಡು ಕೊಟ್ಟು ತಿರುಗಿಸಲಾಗದು.

ಆಮೇಲೆ ಬಿರುಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯವನ್ನು ಎರೆ ದಾಟಿಸಿ ಗಟ್ಟಿ ಗರಸಿನವರೆಗೆ ಇಳಿಸದಿದ್ದರೆ ಮನೆಯೂ ಅದರ ಜೊತೆ ಏರಿ ಇಳಿಯುತ್ತದೆ. ಸುಣ್ಣ ಬಣ್ಣದ ಮೇಲಿನ ಕೂದಲೆಳೆಯ ಗೀರುಗಳಿಗೆ ಹೆದರಬೇಡಿ, ಅವು ಪ್ಲಾಸ್ಟರಿನವು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತಿದ ಬಿರುಕಿದ್ದರೆ, ಅದರೊಳಗೆ ಒಂದು ರೂಪಾಯಿ ನಾಣ್ಯದ ಅಂಚು ಹೋಗುವಂತಿದ್ದರೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತಿದ್ದರೆ, ಅದು ಪಾಯದ್ದು. ಎಲ್ಲ ಬಾಗಿಲುಗಳನ್ನೂ ಹಾಕಿ ತೆಗೆಯಿರಿ. ಮೇಲಿನ ಮೂಲೆ ಚೌಕಟ್ಟಿಗೆ ಉಜ್ಜಿ ಮರ ಸವೆದಿದ್ದರೆ ಮನೆ ಅಲುಗಾಡಿದೆ. ನಾಲ್ಕು ವರ್ಷದ ಮನೆಗೆ ಈಗಷ್ಟೇ ಬಣ್ಣ ಹೊಡೆದಿದ್ದರೆ ಮಳೆ ಮುಗಿಯುವವರೆಗೆ ಕಾಯುವುದು ಒಳ್ಳೆಯದು. ಪಾಯ ಸರಿಯಿದ್ದೂ ಗೋಡೆ ಸುತ್ತ ನೀರು ನಿಲ್ಲುತ್ತಿದೆ ಎಂದಾದರೆ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿಸಿ. ಇದು ದುಡ್ಡಿನಲ್ಲಿ ಮುಗಿಯುವ ಕೊರತೆ.

ನೀರಿನ ವಿಷಯದಲ್ಲಿ ಮನೆ ಮಾರುವವರನ್ನು ಕೇಳಬೇಡಿ, ಎದುರು ಮನೆಯ ಹೆಂಗಸರನ್ನು ಕೇಳಿ. ಬಳ್ಳಾರಿಗೆ ಬರುವುದು ತುಂಗಭದ್ರಾ ಕಾಲುವೆಯಿಂದ ತುಂಬಿಸಿಟ್ಟ ಕೆರೆಯ ನೀರು. ಹಾಗಾಗಿ ಪ್ರಶ್ನೆ ಮೇ ತಿಂಗಳದ್ದಾಗಿರಲಿ: "ಬ್ಯಾಸಿಗ್ಯಾಗ ನಳ ಎಷ್ಟು ದಿನಕ್ಕೊಮ್ಮೆ ಬರ್ತದ, ಎಷ್ಟು ಹೊತ್ತು ಬಿಡ್ತಾರ?" ನಾಲ್ಕು ಜನಕ್ಕೆ ದಿನಕ್ಕೆ 400 ಲೀಟರ್ ಹಿಡಿದರೆ ಎಂಟು ದಿನಕ್ಕೆ 3,200. ಒಳ ಅಳತೆ 6×6 ಅಡಿ, ಆಳ 5 ಅಡಿಯ ಸಂಪು ಸುಮಾರು 5,000 ಲೀಟರ್ ಹಿಡಿಯುತ್ತದೆ, ಸಾಕು. ಬೋರ್ ಒಂದೇ ಆಧಾರವಾದರೆ ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ನಮ್ಮ ಭಾಗದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ನಡೆಯುತ್ತದೆ. ಮಗುವಿನ ಹಲ್ಲು ಮೂಳೆ ಬೆಳೆಯುವ ವಯಸ್ಸು ಇದು.

ಒಂದು ಸಹಾಯಧನ ನಿಮಗೆ ಸಿಗುವ ಸಾಧ್ಯತೆ ಇದೆ. ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯಲ್ಲಿ ವಾರ್ಷಿಕ ಆದಾಯ 9 ಲಕ್ಷದೊಳಗಿನ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಕ್ಕೆ ಸಾಲದ ಮೊದಲ 8 ಲಕ್ಷದ ಮೇಲೆ ಶೇ 4 ಬಡ್ಡಿ ಸಹಾಯಧನ ಇದೆ. ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೇ ಬರುತ್ತದೆ. ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಇದು ನಗರ ಯೋಜನೆ, ಖಾಲಿ ಸೈಟಿಗೆ ಸಿಗುವುದಿಲ್ಲ. ಸಾಲದ ಅರ್ಜಿ ಕೊಡುವಾಗಲೇ ಬ್ಯಾಂಕಿನಲ್ಲಿ ಕೇಳಿ, ಮನೆಯನ್ನು ಇಬ್ಬರ ಹೆಸರಿಗೂ ಮಾಡಿಸಿ.

ಸಂಚಕಾರ 50 ಸಾವಿರಕ್ಕಿಂತ ಹೆಚ್ಚು ಕೊಡಬೇಡಿ, ಕೊಡುವುದನ್ನು ಬ್ಯಾಂಕಿನ ಮೂಲಕವೇ ಕೊಡಿ. ಕರಾರಿನಲ್ಲಿ ಈ ಸಾಲು ಇರಲಿ: "ಬ್ಯಾಂಕಿನ ಕಾನೂನು ಪರಿಶೀಲನೆಯಲ್ಲಿ ದಾಖಲೆ ದೋಷದ ಕಾರಣ ಸಾಲ ನಿರಾಕರಣೆಯಾದಲ್ಲಿ ಮಾರಾಟಗಾರರು ಸಂಚಕಾರದ ಪೂರ್ಣ ಮೊತ್ತವನ್ನು 15 ದಿನದೊಳಗೆ ಹಿಂದಿರುಗಿಸತಕ್ಕದ್ದು." ಇದಕ್ಕೆ ಸಹಿ ಹಾಕಲು ಮಾರುವವರು ಹಿಂಜರಿದರೆ ದಾಖಲೆಯಲ್ಲಿ ಏನಿದೆ ಎಂದು ಅವರಿಗೆ ಮೊದಲೇ ಗೊತ್ತಿರುವ ಸಾಧ್ಯತೆ ಹೆಚ್ಚು, ಮುಂದಿನ ಮನೆ ನೋಡಿ.